ರೋಸಮ್ಮನ ಪಕ್ಕದ ಜಾಗ

ಗುಂಡಿ ಎಲ್ಲಿ ತೆಗೆಸಬೇಕು ಎಂದು ಕೇಳಲು ಚರ್ಚಿನ ಉಪದೇಶಿ ಇನ್ನಾಸಪ್ಪ ಬಂದಾಗ ಮೈಕಲಪ್ಪ ಮಗನ ಹೆಣದ ತಲೆಯ ಹತ್ತಿರ ಕುಳಿತಿದ್ದ. ಹತ್ತೊಂಬತ್ತುನೂರ ಹದಿನೆಂಟರ ಆ ಹಾಳು ಜ್ವರದಲ್ಲಿ ಮೈಸೂರಿನಲ್ಲಿ ಹೆಣ ಹೊರುವವರೇ ಸಿಗುತ್ತಿರಲಿಲ್ಲ. ಕ್ರೈಸ್ತರ ಸ್ಮಶಾನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಂಡಿ ತೋಡುವುದನ್ನು ಬಿಟ್ಟು, ಬೇಲಿಯ ಪಕ್ಕ ಉದ್ದಕ್ಕೆ ಹಳ್ಳ ತೆಗೆದು, ಸತ್ತವರನ್ನು ಸಾಲಾಗಿ ಮಲಗಿಸುತ್ತಿದ್ದರು. ಸ್ವಂತ ಜಾಗ ಇದ್ದವರಿಗೆ ಮಾತ್ರ ಬೇರೆ ಗುಂಡಿ.

ಮೈಕಲಪ್ಪನಿಗೆ ಸ್ವಂತ ಜಾಗವಿತ್ತು. ಗಾರೆ ಕೆಲಸದವನಾದ ಅವನು, ಹೆಂಡತಿ ರೋಸಮ್ಮ ತೀರಿಕೊಂಡ ವರ್ಷವೇ ಅವಳ ಸಮಾಧಿಗೆ ಒತ್ತಿಕೊಂಡು ತನಗೂ ಒಂದು ಗುಂಡಿಯಷ್ಟು ನೆಲ ಬಿಟ್ಟು ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿಕೊಂಡಿದ್ದ. ಪ್ರತಿ ವರ್ಷ ಸತ್ತವರ ಹಬ್ಬ ಬಂತೆಂದರೆ ಎರಡಕ್ಕೂ ಸುಣ್ಣ ಬಳಿದು, ಅವಳದಕ್ಕೊಂದು ಮೇಣದಬತ್ತಿ, ತನ್ನ ಖಾಲಿ ಕಟ್ಟೆಗೊಂದು ಮೇಣದಬತ್ತಿ ಹಚ್ಚುತ್ತಿದ್ದ. ಗೃಹಪ್ರವೇಶ ಯಾವಾಗ ಎಂದು ಜನ ರೇಗಿಸಿದರೆ ನಗುತ್ತಿದ್ದ. ಕಣ್ಣು ಮಂಜಾಗಿ ಕೈ ನಡುಗತೊಡಗಿದ ಮೇಲೂ ಅವನು ಸಾವಿಗೆ ಹೆದರದೆ ಇದ್ದದ್ದು ಆ ಜಾಗದ ಬಲದಿಂದಲೇ. ಕಡೇ ದಿನ ಸತ್ತವರೆಲ್ಲ ಏಳುವಾಗ ತಾನು ರೋಸಮ್ಮನ ಜೊತೆಗೇ ಏಳಬೇಕು. ಅವನಿಗೆ ಸ್ವರ್ಗವೆಂದರೆ ಅಷ್ಟೇ.

ಸೊಸೆ ಲೂರ್ದಮ್ಮ ಮಾವ ಬಾಯಿ ತೆರೆಯುವವರೆಗೆ ಕಾಯಲಿಲ್ಲ. ಅತ್ತೆಯ ಪಕ್ಕದಲ್ಲೇ ತೆಗೆಸಿ ಎಂದುಬಿಟ್ಟಳು.

"ಅದು ನಂದು ಕಣಮ್ಮ," ಎಂದ ಮೈಕಲಪ್ಪ.

ಹಾಗೆ ಅಂದದ್ದಕ್ಕೆ ಅವನಿಗೇ ಅಸಹ್ಯವಾಯಿತು. ಮಗನ ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಣ್ಣು ಎಲ್ಲಾದರೂ ಮಣ್ಣೇ, ಹಳ್ಳದಲ್ಲಿರುವವರನ್ನು ದೇವರೇನು ಮರೆಯುವುದಿಲ್ಲ, ಕಡೇ ದಿನದ ಕಹಳೆ ಊದಿದಾಗ ಎಲ್ಲರೂ ಒಟ್ಟಿಗೇ ಏಳುತ್ತಾರೆ ಎಂದು ಸೊಸೆಗೆ ಸಮಾಧಾನ ಹೇಳತೊಡಗಿದ. ಭಾನುವಾರ ಚರ್ಚಿನಲ್ಲಿ ಪಾದ್ರಿ ಸ್ವಾಮಿಗಳ ಪ್ರಸಂಗಗಳಲ್ಲಿ ಕೇಳಿದ್ದನ್ನೆಲ್ಲ ಹೇಳಿದ. ಇನ್ನಾಸಪ್ಪ ನೆಲ ನೋಡುತ್ತ ನಿಂತಿದ್ದ.

ಲೂರ್ದಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಕಣ್ಣು ಒರೆಸಿಕೊಂಡು ಹೇಳಿದಳು: "ಅಷ್ಟು ನಂಬಿಕೆ ಇದ್ರೆ ಹಳ್ಳಕ್ಕೆ ನೀವೇ ಹೋಗ್ಬೋದಲ್ವಾ, ಮಾವ?"

ಮುದುಕ ಗೋಡೆ ಹಿಡಿದು ಎದ್ದು, ಅಲ್ಲೇ ತೆಗೆಸಿ ಎಂದು ಉಪದೇಶಿಗೆ ಕೈಸನ್ನೆ ಮಾಡಿದ.

ಸಂಜೆ ನೋಡಿದರೆ ಕಟ್ಟೆ ಸಾಲಲಿಲ್ಲ. ಮೈಕಲಪ್ಪ ಅದನ್ನು ಕಟ್ಟಿದ್ದು ತನ್ನ ಅಳತೆಗೆ. ಮಗ ಜ್ಞಾನಪ್ರಕಾಶ ಅಪ್ಪನಿಗಿಂತ ಎತ್ತರದ ಆಳು. ಗುಂಡಿ ತೋಡುವವನು ಕಾಲ ಕಡೆಯ ಇಟ್ಟಿಗೆಗಳನ್ನು ಹಾರೆಯಿಂದ ಮೀಟಿ ಆಚೆಗೆ ಎಸೆದ. ಹಬ್ಬಕ್ಕೆಂದು ಬಳಿದ ಸುಣ್ಣ ಅವುಗಳ ಮೇಲೆ ಇನ್ನೂ ಬೆಳ್ಳಗಿತ್ತು. ಸ್ವಾಮಿಗಳು ಬೇಗಬೇಗ ಜಪ ಮುಗಿಸಿ, ತೀರ್ಥ ಚಿಮುಕಿಸಿ, ಹಳ್ಳದ ಹತ್ತಿರ ಕಾದು ನಿಂತವರ ಕಡೆಗೆ ನಡೆದರು. ಮೈಕಲಪ್ಪ ಒಂದು ಹಿಡಿ ಮಣ್ಣು ಹಾಕಿದ.

ಲೂರ್ದಮ್ಮನನ್ನು ಹೆಂಗಸರು ಹಿಡಿದುಕೊಂಡು ಹೋದರು. ಇನ್ನಾಸಪ್ಪ ಮಾತ್ರ ಮುದುಕನ ಜೊತೆ ಉಳಿದ. ಒಳ್ಳೆಯ ಮನುಷ್ಯ, ಪಾಪ. ಏನಾದರೂ ಹೇಳಲೇಬೇಕು ಅನ್ನಿಸಿತು ಅವನಿಗೆ. ಮಗನಿಗೆ ಜಾಗ ಬಿಟ್ಟುಕೊಟ್ಟದ್ದು ದೊಡ್ಡತನ ಎಂದ. ರೋಸಮ್ಮನ ಕಾಲ್ದೆಸೆಯಲ್ಲಿ ಒಬ್ಬರಿಗಾಗುವಷ್ಟು ನೆಲವಿದೆ, ಸ್ವಾಮಿಗಳ ಹತ್ತಿರ ಮಾತಾಡಿ ಅದನ್ನು ನಿಮಗೇ ಇಡಿಸುತ್ತೇನೆ ಎಂದ.

ಮೈಕಲಪ್ಪ ಬೇಡವೆಂದು ತಲೆಯಾಡಿಸಿದ.

"ಎದ್ದ ತಕ್ಷಣ ಅವ್ಳು ಪಕ್ಕಕ್ಕೆ ನೋಡ್ತಾಳೆ, ಉಪದೇಶಿಗಳೇ. 'ನಿಮ್ಮ ಜಾಗದಲ್ಲಿ ಮಗ ಯಾಕವ್ನೆ' ಅಂತ ನನ್ನನ್ನ ಕೇಳ್ತಾಳೆ. ಆಗ ನಾನು ಅವ್ಳ ಕಣ್ಣಿಗೆ ಬೀಳದಷ್ಟು ದೂರ ಇರ್ಬೇಕು. ನನ್ನನ್ನ ಆ ಹಳ್ಳಕ್ಕೇ ಹಾಕಿಸ್ಬುಡಿ."