ಮೂರನೇ ವಾಲ್ವ್

ಕಬ್ಬಿಣದ ಚಕ್ರ ಎರಡು ಸುತ್ತು ತಿರುಗಿ ಅಂಟಿಕೊಂಡಿತು. ಅವಳು ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು. ಮೂರನೇ ವಾಲ್ವ್ ಪೂರ್ತಿ ಮುಚ್ಚಿತು. ಉಳಿದವರೆಲ್ಲ ಊಟಕ್ಕೆ ಹೋಗಿದ್ದರಿಂದ ಪಂಪ್‌ಹೌಸಿನಲ್ಲಿ ನೋಡುವವರು ಯಾರೂ ಇರಲಿಲ್ಲ.

ಗಣಿಯ ಆ ಪಂಪ್‌ಹೌಸಿನಲ್ಲಿ ಅವಳದು ಹದಿನಾರು ವರ್ಷದ ದುಡಿಮೆ. ಒಮ್ಮೆಯಾದರೂ ಯಾರೂ ಭೇಷ್ ಅಂದಿರಲಿಲ್ಲ. ವಾರಗಿತ್ತಿ ಅದೇ ಗಣಿಗೆ ನೀರಿನ ಇಂಜಿನಿಯರ್ ಆಗಿ ಬಂದು ಇನ್ನೂ ನಾಲ್ಕು ತಿಂಗಳು. ಬಂದವಳೇ, ಅದಿರು ತೊಳೆಯಲು ನದಿಯಿಂದ ಎತ್ತುವ ನೀರನ್ನು ಕಾಲುಭಾಗ ಇಳಿಸುತ್ತೇನೆಂದು ಮ್ಯಾನೇಜರಿಗೆ ಮಾತು ಕೊಟ್ಟಿದ್ದಳು.

ಅಂದಿನಿಂದ ಮನೆಯಲ್ಲಿ ಅವಳದೇ ಜಪ. "ಚಿಕ್ಕವಳು ಸುಸ್ತಾಗಿ ಬಂದಿದ್ದಾಳೆ, ಮೊದಲು ಅವಳಿಗೆ ಕಾಫಿ ಕೊಡು" ಎನ್ನುತ್ತಿದ್ದರು ಅತ್ತೆ. ತಾನೂ ಅದೇ ಗಣಿಯಿಂದ, ಅದೇ ಬಸ್ಸಿನಲ್ಲಿ ಬಂದವಳೆಂಬುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಚಿಕ್ಕವಳು ಕುಡಿದಿಟ್ಟ ಲೋಟವನ್ನೂ ಇವಳೇ ತೊಳೆಯಬೇಕಿತ್ತು.

ಅದಿರು ತೊಳೆದ ಕೆಸರುನೀರು ಹೊಂಡದಲ್ಲಿ ತಿಳಿಯಾಗಿ, ಎರಡು ಹಳೆಯ ಕೊಳವೆಗಳಲ್ಲಿ ಪಂಪ್‌ಹೌಸಿಗೆ ವಾಪಸು ಬರುತ್ತಿತ್ತು. ಮೂರನೇ ವಾಲ್ವ್ ಅವುಗಳಲ್ಲೊಂದರದು; ಅದನ್ನು ಮುಚ್ಚಿದರೆ ನದಿಯಿಂದ ಇನ್ನೂ ಹೆಚ್ಚು ನೀರು ಎತ್ತಬೇಕಾದೀತೆಂದೇ ಎಲ್ಲರ ಲೆಕ್ಕ. ಆದರೂ ನದಿನೀರಿನ ಮೀಟರ್ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಸೋರಿಕೆ ಹುಡುಕಿ ವಾರಗಿತ್ತಿ ಗಣಿಯನ್ನೆಲ್ಲ ಸುತ್ತಿದಳು. ಎಲ್ಲೆಲ್ಲೂ ಒಣನೆಲ.

ನಿನ್ನೆ ಊಟಕ್ಕೆ ಕೂತಾಗ ವಾರಗಿತ್ತಿ ತನ್ನ ಗಂಡನಿಗೆ ಹೇಳಿದ್ದಳು: "ನಾಳೆ ಮ್ಯಾನೇಜರ್ ಕೊಟ್ಟ ಗಡುವಿನ ಕೊನೇ ದಿನ. ಆ ಮೂರನೇ ವಾಲ್ವ್ ಯಾರಾದ್ರೂ ಮುಚ್ಚಿಬಿಟ್ರೆ ನನ್ನ ಕಥೆ ಮುಗೀತು."

ಅನ್ನ ಬಡಿಸುತ್ತಿದ್ದ ಇವಳ ಕೈ ಅರೆಗಳಿಗೆ ನಿಂತಿತ್ತು.

ನಾಲ್ಕು ಗಂಟೆಗೆ ಮ್ಯಾನೇಜರ್ ದಡದಡ ಒಳಗೆ ಬಂದ. ಹಿಂದೆ ವಾರಗಿತ್ತಿ.

"ಆ ವಾಲ್ವ್ ಮುಚ್ಚಿದ್ದು ಯಾರು?"

ಇವಳು ಕೆಲಸ ಹೋಯಿತೆಂದುಕೊಂಡಳು.

"ಅಕ್ಕನೇ ಸರ್" ಎಂದಳು ವಾರಗಿತ್ತಿ.

ಮ್ಯಾನೇಜರ್ ಕೈ ಚಾಚಿದ. "ನದಿನೀರು ಮೂರರಲ್ಲೊಂದು ಪಾಲು ಇಳಿದಿದೆಯಮ್ಮ. ಆ ಕೊಳವೆಯೊಳಗಿನ ತಡೆಬಾಗಿಲೇ ಮುರಿದುಹೋಗಿತ್ತು. ನದಿಯಿಂದ ಎತ್ತಿದ ನೀರು ಅದರಲ್ಲೇ ಹಿಂದಕ್ಕೆ ಹರಿದು ಕೆಸರುಹೊಂಡ ಸೇರ್ತಿತ್ತು. ಎಷ್ಟು ವರ್ಷದಿಂದಲೋ. ಅನುಭವ ಅಂದ್ರೆ ಇದು."

ಪಂಪ್‌ಹೌಸಿನವರೆಲ್ಲ ಚಪ್ಪಾಳೆ ತಟ್ಟಿದರು. ಸುದ್ದಿ ಫೋನಿನಲ್ಲಿ ವಾರಗಿತ್ತಿಯರಿಬ್ಬರಿಗಿಂತ ಮೊದಲೇ ಮನೆ ಮುಟ್ಟಿತು. ಅತ್ತೆ ಬಾಗಿಲಲ್ಲೇ ಕಾದಿದ್ದು, ಹದಿನಾರು ವರ್ಷದಲ್ಲಿ ಮೊದಲ ಸಲ ತಾವೇ ಕಾಫಿ ಮಾಡಿ ದೊಡ್ಡ ಸೊಸೆಯ ಕೈಗಿತ್ತರು.

ಅವಳು ಆ ಕಾಫಿಯನ್ನು ಕುಡಿಯದೆ ಪಕ್ಕಕ್ಕಿಟ್ಟಳು. ಅತ್ತೆ ಆಚೆ ಹೋದಮೇಲೆ ತಲೆ ತಗ್ಗಿಸಿ ವಾರಗಿತ್ತಿಗೆ ಹೇಳಿದಳು: "ನೀರು ಉಳಿಸೋಕಲ್ಲ ಕಣೇ. ನಿನ್ನ ಮುಳುಗಿಸೋಕೆ ಮುಚ್ಚಿದೆ."

"ಗೊತ್ತು ಅಕ್ಕ" ಎಂದಳು ವಾರಗಿತ್ತಿ, ತನ್ನ ಲೋಟ ಕೆಳಗಿಟ್ಟು. "ನನ್ನ ಅನುಮಾನ ಆ ಕೊಳವೆ ಮೇಲೇ ಇತ್ತು. ಕೆಲಸ ನಿಲ್ಲುತ್ತೆ ಅಂತ ಮ್ಯಾನೇಜರ್ ಅದನ್ನ ಒಂದು ಗಂಟೆ ಮುಚ್ಚೋಕೂ ಬಿಡಲಿಲ್ಲ. ಅದಕ್ಕೇ ನಿನ್ನೆ, ನೀವು ಬಡಿಸೋಕೆ ಬರೋವರೆಗೂ ಕಾದು ಆ ಮಾತು ಆಡಿದೆ."