ಬಾಣಂತಿ ಕೋಣೆಯ ಕಿಟಕಿ

ಪುಷ್ಯ ಮಾಸದ ಚಳಿ. ಹೊತ್ತು ಮಾರುದ್ದ ಏರಿದ್ದರೂ ಬಾಣಂತಿಯ ಕೋಣೆ ಕತ್ತಲಾಗಿತ್ತು. ಇಪ್ಪತ್ತು ದಿನದಿಂದ ಬಿಸಿಲು ಕಾಣದೆ ಅವಳು ಅನ್ನ, ಮಾತು ಎರಡನ್ನೂ ಬಿಟ್ಟಿದ್ದಳು. ದಿನಾ ಎಣ್ಣೆ ಹಚ್ಚಿ ನೀರು ಹಾಕಲು ಹೋಗುತ್ತಿದ್ದ ಮುದಿ ಸೂಲಗಿತ್ತಿ ನಾನು ಕಿಟಕಿಗೆ ಕೈ ಹಾಕಿದೆ.

“ಮುಚ್ಚು,” ಅಂದಳು ಅವಳ ಅತ್ತೆ.

“ಬಾಡೋಗ್ತಾವ್ಳೆ ಕಣವ್ವ.”

“ಹೆಣ್ಣು ಹೆತ್ತೋಳು ತಾನೆ. ಬಾಡ್ಲಿ.”

ಅತ್ತೆ ಹೊಲಕ್ಕೆ ಹೋದಾಗಲೆಲ್ಲ ನಾನು ಕಿಟಕಿ ತೆಗೆದಿಟ್ಟೆ. ವಾರದೊಳಗೆ ಬಾಣಂತಿ ಉಂಡಳು, ಎದ್ದು ಕೂತಳು.

“ಅಜ್ಜಿ, ನಡೆಯೋ ಶಕ್ತಿ ಬಂತು ನಂಗೆ,” ಅಂದಳು. ಕಣ್ಣು ಹಿತ್ತಲ ಬಾವಿಯ ಮೇಲಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಅವಳೂ ಕೂಸೂ ಕೋಣೆಯಲ್ಲಿರಲಿಲ್ಲ; ಬಾವಿಕಟ್ಟೆಯ ಮೇಲೆ ಅವಳ ತಾಳಿ ಸಿಕ್ಕಿತು. ಊರವರು ಸಂಜೆಯವರೆಗೆ ಪಾತಾಳಗರಡಿ ಇಳಿಸಿ ಹುಡುಕಿದರು. ಆ ಮಂಗಳವಾರದ ಮೊದಲ ಬಸ್ಸಿಗೆ ತಾಯಿಯನ್ನೂ ಕೂಸನ್ನೂ ಹತ್ತಿಸಿ ಬಂದವಳು ನಾನೇ.