ಕತ್ತರಿ ಭಾನುವಾರ

ಮಗಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬ್ಯಾಗು ಮಾಯವಾಗಬೇಕಿತ್ತು. ದಾದಿ ಅದನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಮಂಚದಡಿಗೆ ತಳ್ಳಿದಳು. ಸಮಾಧಾನವಾಗಲಿಲ್ಲ. ಹೊರಗೆಳೆದು ಅಟ್ಟಕ್ಕೆ ಎಸೆದಳು. ಒಂದೇ ಕೋಣೆಯ ಮನೆಯಲ್ಲಿ ಏನನ್ನು ತಾನೇ ಎಲ್ಲಿ ಬಚ್ಚಿಡುವುದು? ಎಷ್ಟೋ ರೋಗಿಗಳಿಗೆ ಅಳುಕದೆ ಸೂಜಿ ಚುಚ್ಚಿದವಳು ಈಗ ಬಚ್ಚಲಿನ ನೀರಿನ ಸದ್ದಿಗೆ ಕಿವಿಗೊಟ್ಟು ನಿಂತಳು.

“ಎಲ್ಲಿಟ್ಟೆ ಅಮ್ಮಾ?” ಮಗಳು ಒದ್ದೆ ಕೂದಲಲ್ಲೇ ಬಾಗಿಲಲ್ಲಿ ನಿಂತಿದ್ದಳು.

ಇದೆಲ್ಲ ಶುರುವಾದದ್ದು ಹೋದ ಭಾನುವಾರ ಚರ್ಚಿನಲ್ಲಿ ಕೇಳಿದ ಪ್ರಸಂಗದಿಂದ. ದೊಡ್ಡ ಕಂಪನಿಯ ಮುದ್ರೆ ಹೊತ್ತ ನಕಲಿ ಮಾಲನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ದೇವರ ಎರಡು ಆಜ್ಞೆ ಒಟ್ಟಿಗೆ ಮುರಿದಂತೆ ಎಂದರು ಪಾಸ್ಟರು. ಕದಿಯಬೇಡ, ಸುಳ್ಳುಸಾಕ್ಷಿ ಹೇಳಬೇಡ. ಇನ್ನೊಬ್ಬರ ದುಡಿಮೆಯ ಹೆಸರನ್ನು ಕದ್ದವನು ಒಬ್ಬನಾದರೆ, ಅದನ್ನು ತೂಗುಹಾಕಿಕೊಂಡು ಮೆರೆಯುವವರು ಅವನ ಪಾಲುದಾರರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಂದು ಅರ್ಧ ಸಭೆ ಹೆಗಲು ಮುಟ್ಟಿಕೊಂಡಿತು. ಮುಂದಿನ ಭಾನುವಾರ ಅಂಥ ಮಾಲನ್ನೆಲ್ಲ ತಂದು, ಎಲ್ಲರೆದುರು ಕೈಯಾರೆ ಕತ್ತರಿಸಿ, “ಇದು ನನ್ನ ಕಳ್ಳತನ, ಕರ್ತನೇ ಕ್ಷಮಿಸು” ಎನ್ನಬೇಕೆಂದು ತೀರ್ಮಾನವಾಯಿತು.

ಮಗಳು ಆ ದಿನ ಕರ್ತನ ಭೋಜನದ ರೊಟ್ಟಿ ಮುಟ್ಟದೆ ಎದ್ದು ಬಂದಳು. ಕಾಲೇಜು ಸೇರಿದಾಗ ಅಮ್ಮ ಕೊಟ್ಟ ಬ್ಯಾಗು ಅದು. ಬಸ್ ನಿಲ್ದಾಣದ ಹತ್ತಿರ ರಸ್ತೆ ಬದಿಯಲ್ಲಿ ಕೊಂಡದ್ದು, ಡೂಪ್ಲಿಕೇಟು. ಯಾರು ಕೇಳಿದರೂ ಹಾಗೇ ಹೇಳು ಎಂದಿದ್ದಳು ದಾದಿ. ಮಗಳು ಹಾಗೇ ಹೇಳುತ್ತಿದ್ದಳು. ಮೂರು ವರ್ಷ ಮಳೆ ಬಿಸಿಲು ಕಂಡರೂ ಅದರ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ನಕಲಿ ಮಾಡುವವರಿಗೂ ಮರ್ಯಾದೆ ಇರುತ್ತದೆ ಬಿಡು ಎಂದು ಗೆಳತಿಯರು ನಗುತ್ತಿದ್ದರು. ಕಳೆದ ವರ್ಷದಿಂದ ಚರ್ಚಿಗೆ ಮಾತ್ರ ಅದನ್ನು ತರಲು ದಾದಿ ಬಿಡುತ್ತಿರಲಿಲ್ಲ. ದೇವರ ಮನೆಗೆ ಆಡಂಬರ ಯಾಕೆ ಎನ್ನುವಳು.

ವಾರವಿಡೀ ತಾಯಿ ಮಗಳಿಗೆ ಇದೇ ಜಗಳ. ಬೇರೆ ಬ್ಯಾಗು ತಂದುಕೊಡುತ್ತೇನೆ, ಇದನ್ನು ಮನೆಯಲ್ಲೇ ಸುಟ್ಟುಬಿಡೋಣ ಎಂದು ದಾದಿ ಗೋಗರೆದಳು. ಮಗಳು ಹಿಡಿದ ಹಟ ಬಿಡುವವಳಲ್ಲ. ಆ ಹಟವೂ ತಾಯಿಯಿಂದಲೇ ಬಂದದ್ದು.

ಕೊನೆಗೆ ದಾದಿ ಒಬ್ಬಳೇ ಪಾಸ್ಟರ ಬಳಿ ಹೋದಳು. ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಬೇಡಿ, ತಂದವಳು ನಾನು, ಏನು ಶಿಕ್ಷೆಯಿದ್ದರೂ ಇಲ್ಲೇ ನನಗೇ ಕೊಡಿ ಎಂದು ಬೇಡಿಕೊಂಡಳು. ಪಾಸ್ಟರು ನಕ್ಕುಬಿಟ್ಟರು.

“ನೀವೇ ಹೀಗಂದ್ರೆ ಹೇಗಮ್ಮಾ? ಗುಡಿಸೋ ಅಕ್ಕನ ಕೈ ಹಿಡಿದವರು ನೀವು.”

ಹೊಗಳಿಕೆ ದಾದಿಗೆ ಬೆಂಕಿಯಂತೆ ತಾಗಿತು. ಚರ್ಚು ಗುಡಿಸುವ ಆ ಅಕ್ಕ ಒಂದು ಕಾಲಕ್ಕೆ ಒಳ್ಳೆಯ ಅಡುಗೆಯವಳು. ಇಬ್ಬರೂ ಒಂದೇ ಶ್ರೀಮಂತರ ಮನೆಯಲ್ಲಿ ದುಡಿದವರು: ಇವಳು ಹಾಸಿಗೆ ಹಿಡಿದ ಅಜ್ಜಿಯ ಆರೈಕೆಗೆ, ಅವಳು ಒಲೆಯ ಮುಂದೆ. ಅಪವಾದ ಹೊರಿಸಿ ಅವಳನ್ನು ಹೊರದಬ್ಬಿದ ಮೇಲೆ ಯಾವ ಮನೆಯೂ ಸೇರಿಸಲಿಲ್ಲ. ಕಳೆದ ವರ್ಷ ಅವಳು ಬೀದಿಯಲ್ಲಿ ಎದುರಾದಾಗ ದಾದಿ ಕರೆತಂದು, ಇವಳು ತಪ್ಪು ಮಾಡಿದವಳಲ್ಲ ಎಂದು ಬೈಬಲ್ ಮುಟ್ಟಿ ಹೇಳಿ ಈ ಕೆಲಸ ಕೊಡಿಸಿದ್ದಳು. ಅಂದಿನಿಂದ ತನ್ನ ಊಟದಲ್ಲಿ ಅರ್ಧ ಅವಳಿಗೆ ಕೊಡುವುದನ್ನು ತಪ್ಪಿಸಿರಲಿಲ್ಲ. ಅಷ್ಟು ಖಚಿತವಾಗಿ ಇನ್ನೊಬ್ಬರ ಪರವಾಗಿ ಆಣೆಯಿಡುವ ಹೆಂಗಸನ್ನು ತಾವು ನೋಡಿಯೇ ಇಲ್ಲ ಎಂದು ಪಾಸ್ಟರು ಆಗಾಗ ಹೇಳುತ್ತಿದ್ದರು.

ಹೊರಗೆ ಮೆಟ್ಟಿಲ ಮೇಲೆ ಆ ಅಕ್ಕ ಕತ್ತರಿಗಳ ತುಕ್ಕು ಉಜ್ಜುತ್ತಿದ್ದಳು.

“ಸಿಸ್ಟರೇ, ನಿಮ್ಮ ಮಗಳೂ ಏನೋ ತರ್ತಾಳಂತೆ,” ಎಂದಳು ತಲೆಯೆತ್ತಿ. “ಚೂರು ತುಂಬೋ ಕೆಲಸ ನಂದು.”

ದಾದಿ ಸರಸರನೆ ಮೆಟ್ಟಿಲಿಳಿದು ಹೋದಳು.

ಈಗ ಶನಿವಾರ ಸಂಜೆ, ಮಗಳು ಸ್ಟೂಲು ಹತ್ತಿ ಅಟ್ಟದಿಂದ ಬ್ಯಾಗು ಇಳಿಸಿದಳು. ಸಿಟ್ಟಿಲ್ಲ, ಮುಖದಲ್ಲಿ ಕನಿಕರವಷ್ಟೇ.

“ನನಗೋಸ್ಕರ ತಾನೇ ತಂದೆ? ಆಸೆ ಪಟ್ಟವಳು ನಾನು. ಪಾಪ ನಂದು ಅಂತ ನಾನೇ ಹೇಳ್ತೀನಿ. ನಿನ್ನ ಹೆಸರು ಎತ್ತಲ್ಲ.”

ದಾದಿ ಗೋಡೆಗೊರಗಿ ಕೂತಳು. ಗಂಡ ಬಿಟ್ಟುಹೋದ ಮೇಲೆ ಅವಳಿಗೆ ಉಳಿದಿದ್ದ ಆಸ್ತಿಯೆಂದರೆ ಮಗಳು ತನ್ನನ್ನು ನೋಡುವ ಆ ನೋಟ ಒಂದೇ. ಅದೂ ಹೋದರೆ ಬದುಕಿ ಏನು ಮಾಡುವುದು?

ಭಾನುವಾರ ಚರ್ಚು ತುಂಬಿತ್ತು. ಮೇಜಿನ ಮೇಲೆ ಕತ್ತರಿಗಳು, ಪಕ್ಕದಲ್ಲಿ ಗೋಣಿಚೀಲ ಹಿಡಿದ ಗುಡಿಸುವ ಅಕ್ಕ. ಬೂಟು ಬಂತು, ಕನ್ನಡಕ ಬಂತು. ಸೊಂಟದ ಬೆಲ್ಟು ಬಿಚ್ಚಿಕೊಟ್ಟ ಹಿರಿಯರೊಬ್ಬರು ಪ್ಯಾಂಟು ಹಿಡಿದುಕೊಂಡೇ ಜಾಗಕ್ಕೆ ಮರಳಿದರು. ಜನ ನಕ್ಕರು. ದಾದಿ ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು.

ಮಗಳ ಸರದಿ ಬಂತು. ಅವಳು ಬ್ಯಾಗನ್ನು ಮೇಜಿನ ಮೇಲಿಟ್ಟು ಕತ್ತರಿ ಎತ್ತಿಕೊಂಡಳು. ಚೂರು ಆಯುತ್ತಿದ್ದ ಅಕ್ಕನ ಕೈ ನಿಂತಿತು. ಅವಳು ಬ್ಯಾಗನ್ನು ನೋಡಿದಳು. ಆಮೇಲೆ ಬಹಳ ಹೊತ್ತು ಹುಡುಗಿಯ ಮುಖವನ್ನೇ ನೋಡಿದಳು.

“ಇದು ನನ್ನ ಕಳ್ಳತನ,” ಎಂದು ಮಗಳು ಗಟ್ಟಿಯಾಗಿ ಶುರುಮಾಡಿದಳು.

ಆ ಮಾತು ಮುಗಿಯಲು ದಾದಿ ಬಿಡಲಿಲ್ಲ. ಬೆಂಚುಗಳ ನಡುವೆ ಎಡವುತ್ತ ಓಡಿಬಂದು ಮಗಳ ಕೈಯಿಂದ ಕತ್ತರಿ ಕಿತ್ತುಕೊಂಡಳು. ಒಂದು ಅಗ್ಗದ ಬ್ಯಾಗಿಗಾಗಿ ಇಷ್ಟು ವ್ಯಾಮೋಹವೇ ಎಂದು ಯಾರೋ ಗೊಣಗಿದರು. ಪಾಸ್ಟರು ಎದ್ದುನಿಂತರು. ದಾದಿ ಅವರ ಕಡೆ ನೋಡಲಿಲ್ಲ. ಮಗಳ ಕಡೆ ನೋಡುವ ಧೈರ್ಯ ಬರಲಿಲ್ಲ. ಬ್ಯಾಗನ್ನು ಎರಡೂ ಕೈಯಲ್ಲಿ ಎತ್ತಿ, ಗೋಣಿಚೀಲ ಹಿಡಿದು ನಿಂತವಳ ಮುಂದೆ ಚಾಚಿದಳು.

“ಅಕ್ಕಾ, ಇದು ಅಸಲಿ. ಇದನ್ನ ಕದ್ದಿದೀರಿ ಅಂತ ನಿಮ್ಮನ್ನ ಆ ಮನೆಯಿಂದ ದಬ್ಬಿದ ದಿನ, ಇದು ನನ್ನ ಮಂಚದ ಕೆಳಗಿತ್ತು.”